ಬೆಟ್ಟವೋ, ಹೊಳೆಯೋ, ಕಡಲೋ: ನಿಮ್ಮ ರಜೆಗೆ ಯಾವುದು ಸರಿ?

ಜೂನ್ ಕೊನೆಯಲ್ಲಿ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಜುಲೈನಲ್ಲಿ ಮೂರು ದಿನ ರಜೆ ಹಾಕ್ತಿದ್ದೀವಿ. ನಾವು ಐದು ಜನ ಫ್ರೆಂಡ್ಸು. ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ, ಹಾಗೇ ಕುಮಾರ ಪರ್ವತ ಹತ್ತಿ ಬರೋಣ ಅಂತಿದ್ದೀವಿ. ಪ್ಲಾನ್ ಹೇಗಿದೆ?"

ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವುದು. ಎರಡೂ ಒಳ್ಳೆಯ ಜಾಗಗಳೇ. ಆದರೆ ಜುಲೈನಲ್ಲಿ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಬೋಟೇ ಹೋಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಹುಟ್ಟಿದಾಗಿನಿಂದ ಕಡಲು ನೋಡಿದವರೇ ದಡದಲ್ಲಿ ಕೂತು ಬಲೆ ಸರಿಮಾಡಿಕೊಳ್ಳುವ ಕಾಲ ಅದು. ಕುಮಾರ ಪರ್ವತದ ಕಥೆಯೂ ಅಷ್ಟೇ. ಜುಲೈ ಮಳೆಯಲ್ಲಿ ಆ ಬಂಡೆಗಳ ಮೇಲೆ ಕಾಲು ನಿಲ್ಲುವುದಿಲ್ಲ. ಎಷ್ಟೋ ಸಲ ಚಾರಣವನ್ನೇ ನಿಲ್ಲಿಸಿರುತ್ತಾರೆ.

ಅವನಿಗೆ ನಾನು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಓಡಾಡಿ, ಬೆವರಿಳಿಸಿ, ಮೈ ದಣಿಸಿಕೊಂಡು ಬರುವ ರಜೆ ಬೇಕು ಅನ್ನುವವರಿಗೆ ಕರ್ನಾಟಕದಲ್ಲಿ ಏನಿಲ್ಲ ಹೇಳಿ? ಬೆಟ್ಟ ಇದೆ, ಹೊಳೆ ಇದೆ, ಕಡಲು ಇದೆ, ಏರೋದಕ್ಕೆ ಬಂಡೆಯೂ ಇದೆ. ನಾವು ಎಡವುವುದು ಆಯ್ಕೆಯಲ್ಲಿ. ಮೊಬೈಲ್‌ನಲ್ಲಿ ಒಂದು ಫೋಟೋ ನೋಡುತ್ತೇವೆ, ಅಲ್ಲಿಗೇ ಹೋಗಬೇಕು ಅಂದುಕೊಳ್ಳುತ್ತೇವೆ. ಆ ಫೋಟೋ ಯಾವ ತಿಂಗಳಲ್ಲಿ ತೆಗೆದದ್ದು, ತೆಗೆದವರ ಮಂಡಿ ಎಷ್ಟು ಗಟ್ಟಿ ಇತ್ತು ಅನ್ನುವುದು ಅದರಲ್ಲಿ ಕಾಣಿಸುವುದಿಲ್ಲ.

ಮೊದಲು ತಿಂಗಳು, ಆಮೇಲೆ ಊರು

ನನ್ನ ಲೆಕ್ಕದಲ್ಲಿ ಅರ್ಧ ಆಯ್ಕೆಯನ್ನು ಕ್ಯಾಲೆಂಡರೇ ಮಾಡಿಕೊಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮುಚ್ಚಿದ ಹಾಗೆ. ರಬ್ಬರ್ ದೋಣಿಯಲ್ಲಿ ಹೊಳೆಯ ರಭಸಕ್ಕೆ ಇಳಿಯುವ ದಾಂಡೇಲಿಯ ರಾಫ್ಟಿಂಗೂ ಮಳೆಗಾಲದಲ್ಲಿ ನಿಲ್ಲುತ್ತದೆ. ಆದರೆ ಕೊಡಗಿನ ಬರಪೊಳೆ ತೆರೆದುಕೊಳ್ಳುವುದೇ ಆಗ. ಅದು ಮಳೆಯಿಂದಲೇ ತುಂಬಿ ಹರಿಯುವ ಹೊಳೆ. ಮಳೆ ಹೋದರೆ ಬರೀ ಬಂಡೆ ಉಳಿಯುತ್ತದೆ.

ಅಕ್ಟೋಬರ್‌ನಿಂದ ಜನವರಿವರೆಗೆ ಬೆಟ್ಟಗಳಿಗೆ ಒಳ್ಳೆಯ ಕಾಲ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ದಾರಿ ಒಣಗಿರುತ್ತದೆ. ಇದೇ ಹೊತ್ತಿಗೆ ಕಡಲೂ ತಿಳಿಯಾಗುತ್ತಾ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ರಜೆ ಇರುವವರು ಪುಣ್ಯವಂತರು. ಬರಪೊಳೆ ಒಂದು ಬಿಟ್ಟು ಎಲ್ಲವೂ ಅವರ ಕೈಗೆ ಎಟಕುತ್ತದೆ.

ಫೆಬ್ರವರಿ ದಾಟಿದ ಮೇಲೆ ಬೆಟ್ಟದ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ. ಅರಣ್ಯ ಇಲಾಖೆ ಹಲವು ಚಾರಣದ ದಾರಿಗಳನ್ನು ಬೇಸಿಗೆಯಲ್ಲಿ ಮುಚ್ಚುತ್ತದೆ. ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ, ಆದ್ದರಿಂದ ಮುಚ್ಚುವುದೇ ಸರಿ. ಮಕ್ಕಳ ಬೇಸಿಗೆ ರಜೆ ಬರುವುದು ಏಪ್ರಿಲ್‌ನಲ್ಲಿ ಅಲ್ವಾ? ಆಗ ಬೆಟ್ಟ ಬಿಟ್ಟು ನೀರಿನ ಕಡೆ ನೋಡಿ. ದಾಂಡೇಲಿಯ ಕಾಳಿ ನದಿ, ನೇತ್ರಾಣಿ, ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್‌ಗೆ ಮೂಲ್ಕಿ, ಮೂರೂ ಆ ಕಾಲಕ್ಕೆ ಆಗುತ್ತವೆ.

ಬೆಟ್ಟ: ಎತ್ತರ ನೋಡಬೇಡಿ, ಏರು ನೋಡಿ

ಟ್ರೆಕ್ ಅಂದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ಎತ್ತರ?" ಅಂತ. ಈ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಆದರೆ ಅಲ್ಲಿ ಹತ್ತಿರದವರೆಗೂ ಡಾಂಬರು ರಸ್ತೆ ಇದೆ. ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿದರೆ ದೇವಸ್ಥಾನ. ಕುಮಾರ ಪರ್ವತ 1,712 ಮೀಟರ್, ಅಂದರೆ ಅದಕ್ಕಿಂತ ಗಿಡ್ಡ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟರೆ ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರಬೇಕು. ದಾರಿ ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ದಕ್ಷಿಣ ಭಾರತದ ಕಷ್ಟದ ಚಾರಣಗಳಲ್ಲಿ ಇದನ್ನೂ ಸೇರಿಸುವುದು ಈ ಏರಿನಿಂದಾಗಿಯೇ.

ಹಾಗಾಗಿ ನೀವು ಕೇಳಬೇಕಾದ್ದು: ಶುರುವಾಗುವ ಜಾಗದಿಂದ ಎಷ್ಟು ಏರಬೇಕು? ಎಷ್ಟು ದೂರ ಬಿಸಿಲಲ್ಲಿ ನಡೆಯಬೇಕು? ನಡುವೆ ನೀರು ಸಿಗುತ್ತದಾ?

ಕುಮಾರ ಪರ್ವತದಲ್ಲಿ ನಡುದಾರಿಯ ಗಿರಿಗದ್ದೆವರೆಗೆ ದಟ್ಟ ಕಾಡು. ನೆರಳಿದೆ, ಆದರೆ ಬೇರುಗಳ ಮೇಲೆ ಸತತವಾಗಿ ಮೇಲಕ್ಕೇ ಹತ್ತಬೇಕು. ಗಿರಿಗದ್ದೆ ದಾಟಿದರೆ ಕಾಡು ಮುಗಿದು ಹುಲ್ಲುಗಾವಲು ಬರುತ್ತದೆ. ತಲೆಯ ಮೇಲೆ ಒಂದು ಎಲೆಯೂ ಇರುವುದಿಲ್ಲ. ಕಲ್ಲು ಮಂಟಪದಲ್ಲಿ ಒಂದು ನಿಲ್ಲುವ ಜಾಗ. ಅಲ್ಲಿಂದ ಶೇಷ ಪರ್ವತ, ಆಮೇಲೆ ಸ್ವಲ್ಪ ಇಳಿದು ಮತ್ತೆ ಕಾಡು, ಮತ್ತೆ ಬಂಡೆ, ಕೊನೆಗೆ ತುದಿ. ಶೇಷ ಪರ್ವತವನ್ನೇ ತುದಿ ಅಂದುಕೊಂಡು ಬಂದವರ ಮುಖ ಅಲ್ಲಿ ನೋಡಬೇಕು.

ಹತ್ತುವುದು ಎಲ್ಲರೂ ಹತ್ತುತ್ತಾರೆ. ಕಷ್ಟ ಇರುವುದು ಇಳಿಯುವಾಗ. ನಮ್ಮ ಜೊತೆ ಬಂದಿದ್ದ ಗೆಳೆಯನೊಬ್ಬ ಮೇಲೆ ಹೋಗುವಾಗ ಎಲ್ಲರಿಗಿಂತ ಮುಂದೆ ಇದ್ದ. ಇಳಿಯುವಾಗ ಗಿರಿಗದ್ದೆಗೆ ಮುಂಚೆಯೇ ಅವನ ಬಲ ಮಂಡಿ ಹಿಡಿದುಕೊಂಡಿತು. ಪ್ರತಿ ಹೆಜ್ಜೆಗೂ ಕಾಲು ಅಡ್ಡ ತಿರುಗಿಸಿ, ಏಡಿ ಹಾಗೆ ಇಳಿದ. ಸಾಲದ್ದಕ್ಕೆ ಅವನ ಶೂ ಮೂರು ವರ್ಷದಿಂದ ಅಟ್ಟದಲ್ಲಿ ಬಿದ್ದಿದ್ದದ್ದು. ನೋಡೋಕೆ ಹೊಸದರ ಹಾಗಿತ್ತು. ಕಲ್ಲು ಮಂಟಪದ ಹತ್ತಿರ ಅದರ ಅಡಿ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿ ಕಿತ್ತು ಬಂತು. ಬಳಸದೆ ಇಟ್ಟ ಶೂಗಳ ಅಡಿಯ ಅಂಟೂ ಫೋಮೂ ತೇವ ಎಳೆದುಕೊಂಡು ಸಡಿಲವಾಗುತ್ತವೆ. ಅವನ ಶೂವನ್ನು ಬಟ್ಟೆ ಒಣಗಿಸುವ ಹಗ್ಗದಿಂದ ಸುತ್ತಿ ಕಟ್ಟಿದೆವು. ಸುಬ್ರಹ್ಮಣ್ಯ ತಲುಪಿದಾಗ ಕತ್ತಲಾಗಿತ್ತು. ಅಂದಿನಿಂದ ನಾನು ಯಾರಿಗಾದರೂ ಹೇಳುವ ಮೊದಲ ಮಾತು: ಹೊರಡುವುದಕ್ಕೆ ಒಂದು ವಾರ ಮೊದಲು ಶೂ ಹಾಕಿಕೊಂಡು ನಿಮ್ಮ ಮನೆಯ ಮೆಟ್ಟಿಲು ಹತ್ತು ಸಲ ಹತ್ತಿ ಇಳಿಯಿರಿ. ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಳಿಯುವಾಗ ಬೆರಳು ಶೂಗೆ ಗುದ್ದಿ ಉಗುರು ಕಪ್ಪಾಗುವುದು ತಪ್ಪುತ್ತದೆ.

ಕುಮಾರ ಪರ್ವತವೇ ಬೇಕು, ಆದರೆ ಇಷ್ಟು ಏರು ಬೇಡ ಅನ್ನುವವರಿಗೆ ಸೋಮವಾರಪೇಟೆ ಕಡೆಯಿಂದ ಬೀದಳ್ಳಿಯ ದಾರಿ ಇದೆ. ಶುರುವಾಗುವುದೇ ಎತ್ತರದಲ್ಲಿ, ದೂರವೂ ಸುಮಾರು ಅರ್ಧ. ತುದಿ ಅದೇ, ನೋಟ ಅದೇ. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಕುದುರೆಮುಖ. ಕಷ್ಟದಲ್ಲಿ ಕುಮಾರ ಪರ್ವತಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಚೆಲುವಲ್ಲಿ ನನ್ನ ಪ್ರಕಾರ ಒಂದು ಮೆಟ್ಟಿಲು ಮೇಲೆ. ಕಳಸದ ಹತ್ತಿರ ಸಂಸೆಗೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ಹೋಗಿ ಬರಲು 20 ಕಿಲೋಮೀಟರ್ ದಾಟುತ್ತದೆ. ಆದರೆ ಏರು ನಿಧಾನ. ಹುಲ್ಲಿನ ಗುಡ್ಡ, ಅದರ ಮಡಿಲಲ್ಲಿ ಶೋಲಾ ಅನ್ನುವ ದಟ್ಟ ಕಾಡು, ಕಾಡಿನೊಳಗೆ ತೊರೆ, ಮತ್ತೆ ಹುಲ್ಲಿನ ಗುಡ್ಡ. ತೊರೆ ದಾಟುವಾಗ ಬಾಟಲಿ ತುಂಬಿಕೊಳ್ಳಬಹುದು, ಕಾಲು ನೆನೆಸಬಹುದು. ಇಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ನಿಂತಿತು. ಆ ಗುಡ್ಡಗಳ ಮೇಲೆ ನಡೆಯುವಾಗ ಇವತ್ತು ಕಾಣುವ ಹಸಿರಿಗಾಗಿ ಎಷ್ಟು ಜನ ಹೋರಾಡಿದರು ಅನ್ನುವುದು ನನಗೆ ಪ್ರತಿ ಸಲವೂ ನೆನಪಾಗುತ್ತದೆ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಕಕ್ಕಬ್ಬೆಯ ಹತ್ತಿರ, 18ನೇ ಶತಮಾನದ ಕೊನೆಯಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ದಾರಿ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಕೆಳಗಿರಬಹುದು. ಕೊನೆಯ ತುಣುಕು ಮಾತ್ರ ಕಡಿದು. ಹತ್ತು ಹನ್ನೆರಡು ವರ್ಷದ, ಆಟ ಆಡುವ ಮಕ್ಕಳು ಆರಾಮಾಗಿ ಹತ್ತುತ್ತಾರೆ. ಮನೆಯವರೆಲ್ಲ ಸೇರಿ ಮೊದಲ ಚಾರಣ ಮಾಡುವುದಾದರೆ ನಾನು ಇಲ್ಲಿ ಹೇಳುವ ನಾಲ್ಕು ಚಾರಣಗಳಲ್ಲಿ ಇದೇ ಸರಿ.

ನಾಲ್ಕನೆಯದು ಕೊಡಚಾದ್ರಿ, 1,343 ಮೀಟರ್. ಇದರ ಒಳ್ಳೆಯತನ ಏನೆಂದರೆ ಒಂದೇ ಬೆಟ್ಟದಲ್ಲಿ ಎಲ್ಲರಿಗೂ ಪಾಲಿದೆ. ನಡೆಯುವವರು ಹಿಡ್ಲುಮನೆ ಜಲಪಾತದ ಬದಿಯಿಂದ ಹತ್ತಬಹುದು. ಆಗದವರು ಜೀಪಿನಲ್ಲಿ ಬರಬಹುದು. ಮೇಲೆ ಎಲ್ಲರೂ ಸೇರಿ ಸರ್ವಜ್ಞ ಪೀಠದವರೆಗೆ ನಡೆಯಬಹುದು. ನಮ್ಮ ಅತ್ತೆ ಅರವತ್ತೆರಡನೇ ವಯಸ್ಸಿನಲ್ಲಿ ಹಾಗೇ ಬಂದರು, ಪೀಠದ ಮುಂದೆ ಕೂತು ಮಂಜು ಸರಿಯುವವರೆಗೂ ಏಳಲಿಲ್ಲ. ಆದರೆ ಆ ಜೀಪಿನ ದಾರಿ ಅಂದರೆ ದಾರಿಯಲ್ಲ, ಕಲ್ಲಿನ ಹೊಳೆ. ಸೊಂಟ ನೋವಿರುವವರು, ಗರ್ಭಿಣಿಯರು ಖಂಡಿತ ಬೇಡ.

ಟಿಕೆಟ್ ವಿಷಯ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನ ಬಂದು ಸೇರಿದರು. ಅದಾದ ಮೇಲೆ ಸರ್ಕಾರ ನಿಯಮ ಬಿಗಿ ಮಾಡಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆಯೇ ಹೆಸರು ಬರೆಸಿ ಹೋಗಬೇಕು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟಿದ್ದಾರೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿ. ಆಗುವುದಾದರೆ ಒಂದು ವಾರದ ದಿನ ರಜೆ ಹಾಕಿ. ಅದೇ ಬೆಟ್ಟ, ಆದರೆ ಹಕ್ಕಿಯ ದನಿ ಕೇಳುತ್ತದೆ.

ಕಾಡಿನ ಎರಡು ಜೀವಿಗಳ ಬಗ್ಗೆ ಹೇಳಲೇಬೇಕು. ಮಳೆಗಾಲದಲ್ಲಿ ಮತ್ತು ಅದು ಮುಗಿದ ಹೊಸದರಲ್ಲಿ ಇಂಬಳ. ಅದರಿಂದ ಅಪಾಯ ಇಲ್ಲ. ಸುಣ್ಣ, ಉಪ್ಪು ಅಥವಾ ಹೊಗೆಸೊಪ್ಪು ನೆನೆಸಿದ ಎಣ್ಣೆ ಕಾಲಿಗೆ ಹಚ್ಚಿಕೊಂಡರೆ ಸಾಕು. ಹತ್ತಿದ್ದನ್ನು ಎಳೆದು ಕೀಳಬೇಡಿ. ಇನ್ನೊಂದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಹುಳ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಕಾಯಿಲೆ ಈಗಲೂ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಕಾಣಿಸುತ್ತದೆ. ಆ ತಿಂಗಳುಗಳಲ್ಲಿ ಹೋಗುವವರು ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಒಣಗಿದ ಎಲೆಗಳ ಮೇಲೆ ಕೂರಬೇಡಿ, ಮಲಗಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ರೂಮಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ನೇರ ಬಕೆಟ್ಟಿಗೆ. ಬಂದ ಮೇಲೆ ಎರಡು ವಾರದೊಳಗೆ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಹೊಳೆ: ಕಾಳಿ ಅಥವಾ ಬರಪೊಳೆ

ರಾಫ್ಟಿಂಗ್‌ನಲ್ಲಿ ಹೊಳೆಯ ರಭಸವನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಒಂದು ಅಂದರೆ ಸುಮ್ನೆ ತೇಲುವುದು. ಆರು ಅಂದರೆ ಜೀವಕ್ಕೇ ಸಂಚಕಾರ. ನಮ್ಮಂಥವರಿಗೆ ಎರಡರಿಂದ ಮೂರು ಚೆನ್ನ.

ದಾಂಡೇಲಿ ಕಡೆ ಗಣೇಶಗುಡಿಯಲ್ಲಿ ಕಾಳಿ ನದಿಯ ಮೇಲೆ ನಡೆಯುವುದು ಈ ತರದ್ದು. ಮೇಲೆ ಸೂಪಾ ಅಣೆಕಟ್ಟು ಇದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಜೋರು, ಬಿಡದಿದ್ದರೆ ಸಪ್ಪೆ. ಹಾಗಾಗಿ ಹೊರಡುವ ಹಿಂದಿನ ದಿನ ಫೋನ್ ಮಾಡಿ "ನಾಳೆ ನೀರು ಇದೆಯಾ?" ಅಂತ ಕೇಳುವುದು ಬೇಕೇ ಬೇಕು. ಇನ್ನೊಂದು ಮಾತು. ಅಲ್ಲಿ ಉದ್ದದ ರಾಫ್ಟಿಂಗ್ ಇದೆ, ಗಿಡ್ಡ ರಾಫ್ಟಿಂಗ್ ಇದೆ. ಉದ್ದದ್ದು ಸುಮಾರು ಒಂಬತ್ತು ಕಿಲೋಮೀಟರ್, ಎರಡು ಮೂರು ಗಂಟೆ ಹುಟ್ಟು ಹಾಕಬೇಕು. ಗಿಡ್ಡದ್ದು ಅರ್ಧ ಗಂಟೆ ಆಚೀಚೆ. ಪ್ಯಾಕೇಜ್‌ನಲ್ಲಿ 'ರಾಫ್ಟಿಂಗ್ ಸೇರಿದೆ' ಅಂದರೆ ಬಹಳ ಸಲ ಗಿಡ್ಡದ್ದು. ದುಡ್ಡು ಕೊಡುವ ಮೊದಲು ಬಿಡಿಸಿ ಕೇಳಿ.

ಬರಪೊಳೆ ಬೇರೆಯೇ ಜಾತಿ. ದಕ್ಷಿಣ ಕೊಡಗಿನಲ್ಲಿ ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಕರೆದೊಯ್ದು ಇಳಿಸುತ್ತಾರೆ. ದೂರ ಕಡಿಮೆ, ರಭಸ ಜಾಸ್ತಿ. ಮಳೆ ಚೆನ್ನಾಗಿ ಹಿಡಿದಾಗ ನಾಲ್ಕನೇ ದರ್ಜೆ ಮುಟ್ಟುತ್ತದೆ. ಅಲ್ಲಿನ ಒಂದೊಂದು ರಭಸದ ಜಾಗಕ್ಕೂ ಒಂದೊಂದು ಹೆಸರು. ಮೊದಲಿಗೆ ಬರುವ ಒಂದಕ್ಕೆ 'ಮಾರ್ನಿಂಗ್ ಕಾಫಿ'. ನಿದ್ದೆ ಬಿಡಿಸುವುದಕ್ಕೆ ತಕ್ಕ ಹೆಸರು.

ಎರಡರಲ್ಲಿ ಯಾವುದು? ತಂಡದಲ್ಲಿ ನೀರಿಗೆ ಹೆದರುವವರು ಒಬ್ಬರಿದ್ದರೂ ಕಾಳಿ. ಎಲ್ಲರೂ ಗಟ್ಟಿಗರು, ಮುಂಚೆ ಒಮ್ಮೆ ರಾಫ್ಟಿಂಗ್ ಮಾಡಿದವರು, ಮಳೆಗಾಲ ಬೇರೆ ಅಂದರೆ ಬರಪೊಳೆ. ಈಜು ಬರಬೇಕೆಂದಿಲ್ಲ, ಲೈಫ್ ಜಾಕೆಟ್ ತೇಲಿಸುತ್ತದೆ. ಆದರೆ ಅದು ಮೈಗೆ ಬಿಗಿಯಾಗಿ ಕೂರಬೇಕು. ಹಾಕಿಕೊಂಡ ಮೇಲೆ ಹೆಗಲಿನ ಹತ್ತಿರ ಹಿಡಿದು ಯಾರಾದರೂ ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ, ಬೇರೆ ಕೇಳಿ.

ನೀರಿಗೆ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಗೈಡ್ ದಡದಲ್ಲೇ ಹೇಳಿಕೊಡುತ್ತಾರೆ. ಆ ಹತ್ತು ನಿಮಿಷ ಸೆಲ್ಫಿ ತೆಗೆಯಬೇಡಿ. ಅಂಗಾತ ಮಲಗಬೇಕು, ಕಾಲು ಹೊಳೆ ಹರಿಯುವ ಕಡೆಗೆ ಮುಂದಿರಬೇಕು, ಪಾದ ನೀರಿನ ಮೇಲೆ ಕಾಣುತ್ತಿರಬೇಕು. ಎದ್ದು ನಿಲ್ಲಲು ಹೋಗಬಾರದು. ಬಂಡೆಯ ಸಂದಿಯಲ್ಲಿ ಪಾದ ಸಿಕ್ಕಿಕೊಂಡರೆ ಸೆಳವು ಮೈಯನ್ನು ಮುಂದಕ್ಕೆ ಮಗುಚಿ ಹಾಕುತ್ತದೆ. ಮೊಣಕಾಲುದ್ದದ ನೀರಲ್ಲೂ ಜೀವ ಹೋಗುವುದು ಹೀಗೆ.

ಒಂದು ಕಡೆ ನಮ್ಮನ್ನು ಆರು ಜನರ ರಾಫ್ಟಿಗೆ ಹತ್ತು ಜನ ಹತ್ತಿಸಲು ಬಂದರು. ಹೆಲ್ಮೆಟ್ಟೂ ಎಂಟೇ ಇದ್ದವು. ನಾವು ಹತ್ತಲಿಲ್ಲ. ಸ್ವಲ್ಪ ಜೋರು ಮಾತಾಯಿತು, ಮುಂಗಡ ಕೊಟ್ಟದ್ದು ವಾಪಸ್ ಬರಲಿಲ್ಲ. ಮಧ್ಯಾಹ್ನ ಪೂರ್ತಿ ಹೊಳೆ ದಡದಲ್ಲಿ ಕೂತು ಊಟ ಮಾಡಿ ಬಂದೆವು. ಆ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಬೇಸರ ಇಲ್ಲ. ನಿಮಗೂ ಹಾಗೆ ಆದರೆ ಹತ್ತಬೇಡಿ.

ಕಡಲು: ಒಳಗಿಳಿಯುವುದೋ, ಅಲೆಯ ಮೇಲೆ ನಿಲ್ಲುವುದೋ

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ಇರುವ ಪುಟ್ಟ ದ್ವೀಪ. ಬೋಟಿನಲ್ಲಿ ಒಂದೂವರೆ ಗಂಟೆ. ಬೋಟು ಹೊರಟಾಗ ಆಕಾಶಕ್ಕೆ ಮುಟ್ಟಿದಂತಿದ್ದ 123 ಅಡಿಯ ಶಿವ ನೋಡನೋಡುತ್ತಾ ಹೆಬ್ಬೆರಳಷ್ಟಾಗುತ್ತಾನೆ.

ಸ್ಕೂಬಾಗೆ ಈಜು ಬೇಕಿಲ್ಲ ಅನ್ನುವುದು ನಿಜ. ಮೊದಲ ಸಲದವರನ್ನು ತರಬೇತುದಾರರು ಕೈಬಿಡದೆ ಹಿಡಿದುಕೊಂಡೇ ಇಳಿಸುತ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೂ ಆಗುತ್ತದೆ. ಹಾಗಂತ ಎಲ್ಲರಿಗೂ ಆಗುತ್ತದೆ ಅಂತಲ್ಲ. ಅಸ್ತಮಾ, ಹೃದಯದ ತೊಂದರೆ, ಕಿವಿಯ ತೊಂದರೆ, ಗರ್ಭಿಣಿಯರು ಅಂದರೆ ಬೇಡ. ನೆಗಡಿ ಇದ್ದರೂ ಆ ದಿನ ಬೇಡ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ. ವಿಮಾನ ಇಳಿಯುವಾಗ ಕಿವಿ ನೋಯುತ್ತದಲ್ಲ, ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ನೋವು. ನೀರಿನಲ್ಲಿ ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದುತ್ತಿರಬೇಕು. ಉಸಿರು ಮಾತ್ರ ಯಾವ ಕಾರಣಕ್ಕೂ ಹಿಡಿದಿಟ್ಟುಕೊಳ್ಳಬಾರದು.

ಹೆಚ್ಚಿನವರನ್ನು ಸೋಲಿಸುವುದು ನೀರಿನ ಆಳವಲ್ಲ, ಬೋಟಿನ ಓಲಾಟ. ನಾವು ಹೋದ ದಿನ ಬೋಟಿನಲ್ಲಿದ್ದವರಲ್ಲಿ ಅರ್ಧ ಜನ ದ್ವೀಪ ತಲುಪುವ ಮೊದಲೇ ವಾಂತಿ ಮಾಡಿಕೊಂಡರು. ಬೆಳಗ್ಗೆ ಮಸಾಲೆದೋಸೆ, ವಡೆ ತಿಂದು ಹತ್ತಿದವರೆಲ್ಲ ಆ ಸಾಲಿನಲ್ಲಿದ್ದರು. ಎರಡು ಇಡ್ಲಿ ಸಾಕು. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವುದಕ್ಕೆ ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ. ಬೋಟಿನಲ್ಲಿ ಮೊಬೈಲ್ ನೋಡದೆ ದೂರದ ದಿಗಂತ ನೋಡುತ್ತಾ ಕೂತುಕೊಳ್ಳಿ.

ಇಳಿದ ಮೇಲಿನದ್ದನ್ನು ಹೇಗೆ ಹೇಳಲಿ? ಮೊದಲ ಎರಡು ನಿಮಿಷ ಬರೀ ನಮ್ಮ ಉಸಿರಿನ ಸದ್ದು, ಗುಳುಗುಳು ಗುಳ್ಳೆ. ಆಮೇಲೆ ಎದೆ ಬಡಿತ ಇಳಿಯುತ್ತದೆ. ಆಗ ಒಂದು ಬಂಡೆಯ ಹಿಂದಿನಿಂದ ಹಳದಿ ಪಟ್ಟೆಯ ಮೀನುಗಳ ಹಿಂಡು ನಿಮ್ಮ ಮುಖದ ಮುಂದೆಯೇ ಹಾದುಹೋಗುತ್ತದೆ, ನೀವು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ. ಗಿಳಿಮೀನು ಹವಳದ ಬಂಡೆಯನ್ನು ಕೆರೆದು ತಿನ್ನುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಆ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಸ್ಕೂಬಾ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ. ಮಂಗಳೂರಿಂದ ಅವತ್ತೇ ಸಂಜೆಯ ಫ್ಲೈಟು ಅಂತ ಇಟ್ಟುಕೊಳ್ಳುವವರು ಇದನ್ನು ಮರೆಯುತ್ತಾರೆ. ಬೆಟ್ಟವನ್ನೂ ಅದೇ ಪ್ರವಾಸದಲ್ಲಿ ಸೇರಿಸುವುದಾದರೆ ಮೊದಲು ಬೆಟ್ಟ, ಆಮೇಲೆ ಕಡಲು. ಉಲ್ಟಾ ಬೇಡ.

ಸರ್ಫಿಂಗ್ ಲೆಕ್ಕವೇ ಬೇರೆ. ಸ್ಕೂಬಾದಲ್ಲಿ ದುಡ್ಡು ಕೊಟ್ಟರೆ ಅನುಭವ ಸಿಗುತ್ತದೆ, ನೀವು ಮಾಡಬೇಕಾದ್ದು ಕಡಿಮೆ. ಸರ್ಫಿಂಗ್‌ನಲ್ಲಿ ಎಲ್ಲವನ್ನೂ ನೀವೇ ಮಾಡಬೇಕು. ಮೂಲ್ಕಿಯಲ್ಲಿ 2004ರಿಂದ ಇದು ಬೇರುಬಿಟ್ಟಿದೆ. ಇಲ್ಲಿ ಕಲಿತ ಮೀನುಗಾರರ ಮನೆಯ ಹುಡುಗರು ಈಗ ಬೇರೆಯವರಿಗೆ ಕಲಿಸುತ್ತಾರೆ. ಹತ್ತಿರದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುತ್ತವೆ. ಅಲ್ಲಿ ದೊಡ್ಡ ಸ್ಪರ್ಧೆಗಳೂ ನಡೆದಿವೆ. ಮೊದಲ ದಿನ ಮರಳಿನ ಮೇಲೆ ಮಲಗಿ ಏಳುವುದನ್ನು ಕಲಿಸುತ್ತಾರೆ. ಆಮೇಲೆ ಸೊಂಟದುದ್ದ ನೀರಿನಲ್ಲಿ, ಮೆತ್ತನೆಯ ದೊಡ್ಡ ಬೋರ್ಡಿನ ಮೇಲೆ. ಮೊದಲ ದಿನ ಬೀಳುವುದೇ ಕೆಲಸ. ಎರಡನೇ ದಿನ ಹೆಗಲು ಎತ್ತಲಾಗುವುದಿಲ್ಲ. ಮೂರನೇ ದಿನ ಒಂದು ಅಲೆ ನಿಮ್ಮನ್ನು ನಿಲ್ಲಿಸಿ ದಡಕ್ಕೆ ತರುತ್ತದೆ. ಹಾಗಾಗಿ ಒಂದು ದಿನಕ್ಕೆ ಸರ್ಫಿಂಗ್ ಬೇಡ. ಮೂರು ದಿನ ಒಂದೇ ಊರಲ್ಲಿ ಇರುವುದಾದರೆ ಮಾತ್ರ ಹೋಗಿ. ಸಂಜೆ ಶಾಂಭವಿ ಹಿನ್ನೀರಿನಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿ ಹಾಕಿಕೊಂಡು ಸುತ್ತಬಹುದು. ದೊಡ್ಡವರಿಗೂ ಅದು ಹಿಡಿಸುತ್ತದೆ. ಮೂಲ್ಕಿಗೆ ರೈಲೂ ಇದೆ, ಕಾರು ಬೇಕೆಂದಿಲ್ಲ.

ಬಂಡೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಗ್ಗ ಕಟ್ಟಿ ಏರುವುದಕ್ಕೆ ಬಾದಾಮಿಯ ಕೆಂಪು ಮರಳುಗಲ್ಲು, ಹಗ್ಗವಿಲ್ಲದೆ ಗಿಡ್ಡ ಗುಂಡುಬಂಡೆಗಳನ್ನು ಏರುವುದಕ್ಕೆ ಹಂಪಿಯ ಕಣಶಿಲೆ, ಅಂದರೆ ಗ್ರಾನೈಟ್. ಎರಡಕ್ಕೂ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಬೇಕು, ಆಮೇಲೆ ಕಲ್ಲು ಕಾದ ಹಂಚು. ಬಾದಾಮಿಯಲ್ಲಿ ಮಳೆ ಬಂದ ಮರುದಿನ ಏರಬಾರದು. ಒದ್ದೆಯಾದ ಮರಳುಗಲ್ಲು ಹಿಡಿತಕ್ಕೆ ಮುರಿಯುತ್ತದೆ. ಹಂಪಿಯಲ್ಲಿ ಸ್ಮಾರಕದ ಕಲ್ಲಿಗೆ ಕೈ ಹಚ್ಚಬಾರದು. ಹೊಸಬರು ನೇರ ಇವೆರಡಕ್ಕೆ ಹೋಗುವ ಬದಲು ಮೊದಲು ಸರಿಯಾಗಿ ಕಲಿಯಿರಿ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಏರುವ ತರಬೇತಿ ಕೊಡುತ್ತದೆ. ಖಾಸಗಿಯವರಿಗಿಂತ ಖರ್ಚೂ ಕಡಿಮೆ.

ದುಡ್ಡು, ದಿನ, ಜೊತೆಗಾರರು

ಖರ್ಚಿನಲ್ಲಿ ಚಾರಣ ಎಲ್ಲಕ್ಕಿಂತ ಅಗ್ಗ. ಬಸ್ಸು, ಟಿಕೆಟ್, ಒಂದು ರಾತ್ರಿಯ ಹೋಂಸ್ಟೇ, ಅಷ್ಟೇ. ಸ್ಕೂಬಾ ಎಲ್ಲಕ್ಕಿಂತ ದುಬಾರಿ, ಅದೂ ನೀರಿನೊಳಗೆ ಇರುವ ಅರ್ಧ ಗಂಟೆಗೆ. ರಾಫ್ಟಿಂಗ್ ನಡುವೆ. ಸರ್ಫಿಂಗ್ ದಿನದ ಲೆಕ್ಕದಲ್ಲಿ ದುಬಾರಿ ಅನ್ನಿಸುವುದಿಲ್ಲ, ಆದರೆ ಮೂರು ದಿನದ ಊಟ, ರೂಮು ಸೇರುತ್ತದೆ.

ಎರಡೇ ದಿನ ಇದ್ದರೆ ಒಂದೇ ಕೆಲಸ ಇಟ್ಟುಕೊಳ್ಳಿ. ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ, ನಿದ್ದೆಗೆಟ್ಟು, ಬೆಳಗ್ಗೆ ಆರಕ್ಕೆ 26 ಕಿಲೋಮೀಟರ್ ನಡೆಯಲು ಶುರುಮಾಡುವವರನ್ನು ಕುಕ್ಕೆಯಲ್ಲಿ ಪ್ರತಿ ವಾರ ನೋಡಬಹುದು. ಕಾಲು ಜಾರುವುದು, ತಲೆಸುತ್ತು ಬರುವುದು ಹೆಚ್ಚಾಗಿ ನಿದ್ದೆ ಇಲ್ಲದವರಿಗೇ. ಒಂದು ರಾತ್ರಿ ಮುಂಚೆ ಹೋಗಿ ಮಲಗಿ.

ಜೊತೆಗಾರರಲ್ಲಿ ಎಲ್ಲರಿಗಿಂತ ನಿಧಾನದವರು ಯಾರೋ, ಅವರಿಗೆ ಸರಿಹೊಂದುವುದನ್ನು ಆರಿಸಿ. ಅಪ್ಪ ಅಮ್ಮ ಬರುತ್ತಿದ್ದರೆ ಕೊಡಚಾದ್ರಿ ಇಲ್ಲವೇ ಮೂಲ್ಕಿ. ಹತ್ತು ವರ್ಷದ ಆಚೀಚಿನ ಮಕ್ಕಳಿದ್ದರೆ ತಡಿಯಂಡಮೋಳ್. ರಾಫ್ಟಿಂಗ್‌ಗೆ ಸಾಮಾನ್ಯವಾಗಿ ಹದಿನಾಲ್ಕು ಹದಿನೈದು ದಾಟಿರಬೇಕು ಅನ್ನುತ್ತಾರೆ, ಆ ಮಾತನ್ನು ಮೀರಬೇಡಿ. ಆಫೀಸಿನ ತಂಡ ಅಂದರೆ ಕಾಳಿ. ಒಂದೇ ರಾಫ್ಟಿನಲ್ಲಿ ಮ್ಯಾನೇಜರೂ ಹೊಸದಾಗಿ ಸೇರಿದವರೂ ಒಂದೇ ಲಯಕ್ಕೆ ಹುಟ್ಟು ಹಾಕಬೇಕಾಗುತ್ತದೆ. ಒಬ್ಬರೇ ಹೋಗುವುದಾದರೆ ಸರ್ಫಿಂಗ್, ಅಲ್ಲಿ ಮೊದಲ ದಿನವೇ ಗೆಳೆಯರು ಸಿಗುತ್ತಾರೆ. ಕಾಡಿನ ಚಾರಣಕ್ಕೆ ಮಾತ್ರ ಒಬ್ಬರೇ ಹೋಗಬೇಡಿ.

ಅಕ್ಕನ ಮಗನ ತಂಡದಲ್ಲಿ ಐದು ಜನರಲ್ಲಿ ನಾಲ್ವರು ಮುಂಚೆ ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿದ್ದವರು. ಐದನೆಯವನು ಶಾಲೆಯಲ್ಲಿ ಈಜಿನಲ್ಲಿ ಬಹುಮಾನ ತಗೊಂಡವನಂತೆ. ಜುಲೈನ ಆ ಮೂರು ದಿನಕ್ಕೆ ಬರಪೊಳೆ ಅಂತ ತೀರ್ಮಾನವಾಯಿತು. ಹೋಗಿ ಬಂದ ಮೇಲೆ ಕೆಸರು ಮೆತ್ತಿದ ಐದು ಜೊತೆ ಚಪ್ಪಲಿಯ ಫೋಟೋ ಕಳಿಸಿದ್ದ. ನೇತ್ರಾಣಿ ಜನವರಿಗೆ ಇಟ್ಟುಕೊಂಡಿದ್ದಾರೆ. ಈ ಸಲ ಅಕ್ಕನೂ ಬರುತ್ತಾಳಂತೆ. ಅವಳು ನೀರಿಗಿಳಿಯುವುದಿಲ್ಲ, ಬೋಟಿನಲ್ಲಿ ಕೂತಿರುತ್ತಾಳೆ. ವಾಂತಿ ಮಾತ್ರೆಯ ಹೆಸರು ಮಾತ್ರ ಈಗಲೇ ಕೇಳಿ ಬರೆದಿಟ್ಟುಕೊಂಡಿದ್ದಾಳೆ.